ವಿಮಾನ ಇಳಿದು ಮೆಜೆಸ್ಟಿಕ್‌ಗೆ

ನೀಲಗುಂದದ ಹೊಲದಲ್ಲಿ ಮೆಕ್ಕೆಜೋಳದ ಕಳೆ ತೆಗೀತಿರ್ತೇವೆ. ಮೇಲೆ ಸದ್ದು ಕೇಳ್ತದೆ. ತಲೆ ಎತ್ತಿ ನೋಡ್ತೇವೆ. ಬೆಳ್ಳನೆ ಗೆರೆ ಎಳೆದುಕೊಂಡು ವಿಮಾನ ಹೋಗ್ತಿರ್ತದೆ. ಮಕ್ಕಳು ಕೈ ಬೀಸ್ತಾರೆ. ನಾವು ಮತ್ತೆ ಕೆಲಸಕ್ಕೆ ಬಗ್ತೇವೆ.

ಮೊದಲು ನಮಗೂ ವಿಮಾನಕ್ಕೂ ಇದ್ದ ಸಂಬಂಧ ಅಷ್ಟೇ. ಈಗ ಹಾಗಿಲ್ಲ. ಒಬ್ಬರ ಮಗ ಅರಬ್ ದೇಶಕ್ಕೆ ದುಡಿಯಲು ಹೋಗಿರ್ತಾನೆ. ಒಬ್ಬರ ಮಗಳು, ಅಳಿಯ ದಿಲ್ಲಿಯಲ್ಲೋ ಪುಣೆಯಲ್ಲೋ ಇರ್ತಾರೆ. ಮಗಳ ಬಾಣಂತನಕ್ಕೆ ತಾಯಿ ಹೋಗಲೇಬೇಕು. ಕೆಲವರು ಹಜ್ ಯಾತ್ರೆಗೆ ಹೋಗ್ತಾರೆ, ಕೆಲವರು ಕಾಶಿಗೆ ಹೋಗ್ತಾರೆ. ಹೋಗುವಾಗ ಮಕ್ಕಳು ಜೊತೆಗೆ ಬಂದು ವಿಮಾನ ಹತ್ತಿಸ್ತಾರೆ. ಬರುವಾಗ ಮಾತ್ರ ಎಷ್ಟೋ ಸಲ ತಾಯಿ ಒಬ್ಬಳೇ. ಮಗನಿಗೆ ರಜೆ ಸಿಕ್ಕಿರೋದಿಲ್ಲ. ಅಳಿಯನಿಗೆ ಕೆಲಸ.

ಅಂಥ ಒಬ್ಬ ತಾಯಿ ಬೆಂಗಳೂರಿನಲ್ಲಿ ವಿಮಾನ ಇಳಿದಳು ಅಂತ ಇಟ್ಟುಕೊಳ್ಳೋಣ. ಕೈಯಲ್ಲಿ ಒಂದು ಚೀಲ, ಒಂದು ಪೆಟ್ಟಿಗೆ. ಊರು ಇನ್ನೂ ದೂರ. ಅಲ್ಲಿಂದ ಮೆಜೆಸ್ಟಿಕ್‌ಗೆ ಹೇಗೆ ಬರಬೇಕು? ಮೆಜೆಸ್ಟಿಕ್‌ನಿಂದ ಹರಪನಹಳ್ಳಿಗೆ ಹೇಗೆ? ಇದನ್ನೇ ಈ ಪಾಠದಲ್ಲಿ ನೋಡೋಣ. ಕಾರು ಮಾಡಿಕೊಂಡು ಬರಬಹುದಲ್ಲ ಅಂತ ಕೆಲವರು ಕೇಳಬಹುದು. ಬರಬಹುದು. ಆದರೆ ಬಸ್ಸಿಗೆ ಕೊಡುವ ದುಡ್ಡಿನ ಮೂರು ಪಟ್ಟು, ನಾಲ್ಕು ಪಟ್ಟು ಕೊಡಬೇಕಾಗ್ತದೆ. ಅಷ್ಟು ದುಡ್ಡು ನಮ್ಮ ಕಡೆ ಎಷ್ಟು ದಿನದ ಕೂಲಿ ಅಂತ ನೀವೇ ಲೆಕ್ಕ ಹಾಕಿ.

ಅಷ್ಟು ದೂರ ಯಾಕೆ?

ಬೆಂಗಳೂರಿನ ವಿಮಾನ ನಿಲ್ದಾಣ ಬೆಂಗಳೂರಿನ ಒಳಗೆ ಇಲ್ಲ. ಅದು ಇರುವುದು ದೇವನಹಳ್ಳಿ ಹತ್ತಿರ. ಮೆಜೆಸ್ಟಿಕ್‌ನಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರ್. ಹೆಚ್ಚುಕಡಿಮೆ ದಾವಣಗೆರೆಯಿಂದ ಹರಪನಹಳ್ಳಿ ಕಡೆಗೆ ಮುಕ್ಕಾಲು ದಾರಿ ಬಂದಷ್ಟು.

ಮೊದಲು ಹೀಗಿರಲಿಲ್ಲ. ಊರೊಳಗೆ ಎಚ್‌ಎಎಲ್ ಕಾರ್ಖಾನೆ ಹತ್ತಿರ ಹಳೇ ವಿಮಾನ ನಿಲ್ದಾಣ ಇತ್ತು. ಊರು ಬೆಳೀತು, ವಿಮಾನಗಳು ಹೆಚ್ಚಾದವು, ಜಾಗ ಸಾಲದಾಯ್ತು. 2008ರ ಮೇ 24ರಂದು ದೇವನಹಳ್ಳಿ ಹತ್ತಿರ ಹೊಸದು ಶುರುವಾಯ್ತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಇಟ್ಟರು. ಬೆಂಗಳೂರು ಊರು ಕಟ್ಟಿದ ನಾಡಪ್ರಭು ಕೆಂಪೇಗೌಡರು ಇವರೇ. ಅವರ 108 ಅಡಿ ಎತ್ತರದ ಕಂಚಿನ ಮೂರ್ತಿ ಅಲ್ಲೇ ಇದೆ. ಅದನ್ನು 2022ರ ನವೆಂಬರ್ 11ರಂದು ಉದ್ಘಾಟಿಸಿದರು.

ವಿಮಾನ ನಿಲ್ದಾಣಕ್ಕೆ ಎಷ್ಟು ಜಾಗ ಬೇಕು ಗೊತ್ತಾ? ವಿಮಾನ ನೆಲದಿಂದ ಏಳಬೇಕಾದರೆ ಓಡಬೇಕು. ಇಳಿದ ಮೇಲೂ ಓಡಿಯೇ ನಿಲ್ಲಬೇಕು. ಹಾಗೆ ಓಡುವ ದಾರಿ ಒಂದೊಂದೂ 4 ಕಿಲೋಮೀಟರ್ ಉದ್ದ. ಅಂಥ ಎರಡು ದಾರಿ ಅಲ್ಲಿವೆ. ಎಲ್ಲ ಸೇರಿ ಸುಮಾರು 4000 ಎಕರೆ ಜಾಗ. ನಮ್ಮ ಕಡೆ ನಾಲ್ಕು ಎಕರೆ ಇದ್ದವರಿಗೆ ಹೊಲ ಇದೆ ಅಂತೇವೆ. ಅಂದರೆ ಅಂಥ ಸಾವಿರ ಮನೆಗಳ ಹೊಲ ಒಂದೇ ಕಡೆ ಇದ್ದಂಗೆ. ಇಷ್ಟು ಜಾಗ ಊರೊಳಗೆ ಎಲ್ಲಿ ಸಿಗ್ತದೆ? ಅದಕ್ಕೇ ದೂರ ಹೋಗಿದ್ದಾರೆ. ನಿಲ್ದಾಣ ದೂರ ಹೋದ ಮೇಲೆ ಅಲ್ಲಿಗೇ ಬೇರೆ ಬಸ್ಸುಗಳನ್ನು ಬಿಡಬೇಕಾಯ್ತು.

ಇನ್ನೊಂದು ಮಾತು. ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಬರುವ ದೊಡ್ಡ ರಸ್ತೆಗೆ ಬಳ್ಳಾರಿ ರಸ್ತೆ ಅಂತಲೇ ಹೆಸರು. ನಮ್ಮ ಹರಪನಹಳ್ಳಿ ತಾಲೂಕು ಹಿಂದೆ ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಸೇರಿತು. ಆಮೇಲೆ ಮತ್ತೆ ಬಳ್ಳಾರಿ. 2021ರಲ್ಲಿ ಹೊಸ ವಿಜಯನಗರ ಜಿಲ್ಲೆ. ನಮ್ಮ ಜಿಲ್ಲೆಯ ಹೆಸರು ಮೂರು ಸಲ ಬದಲಾದರೂ ಬೆಂಗಳೂರಿನ ಆ ರಸ್ತೆ ಮಾತ್ರ ಹಳೇ ಹೆಸರು ಬಿಟ್ಟಿಲ್ಲ!

ಇಳಿದ ಮೇಲೆ

ವಿಮಾನ ನಿಂತ ಕೂಡಲೇ ಎಲ್ಲರೂ ಎದ್ದು ನಿಲ್ತಾರೆ. ನಾವು ಅವಸರ ಮಾಡೋದು ಬೇಡ. ಬಾಗಿಲು ತೆಗೆಯೋದಕ್ಕೆ ಹೊತ್ತು ಹಿಡೀತದೆ. ಎಲ್ಲರನ್ನೂ ಇಳಿಸಿಯೇ ವಿಮಾನ ಮುಂದೆ ಹೋಗೋದು. ನಮ್ಮೂರಿನ ಬಸ್ಸಿನ ಥರ ಅಲ್ಲ.

ಇಳಿದ ಮೇಲೆ ಜನ ಹೋಗುವ ಕಡೆಗೇ ನಡೀಬೇಕು. ಮೇಲೆ ಬೋರ್ಡುಗಳು ಇರ್ತವೆ. ಕನ್ನಡದಲ್ಲೂ ಬರೆದಿರ್ತಾರೆ. ಎರಡು ಪದ ನೆನಪಿಟ್ಟುಕೊಂಡರೆ ಸಾಕು. ‘ಆಗಮನ’ ಅಂದರೆ ಬರುವವರ ಕಡೆ. ‘ನಿರ್ಗಮನ’ ಅಂದರೆ ಹೋಗುವವರ ಕಡೆ. ನಾವು ಬಂದವರು. ನಮ್ಮದು ‘ಆಗಮನ’.

ದಾರಿಯಲ್ಲಿ ತಾನೇ ಓಡುವ ಮೆಟ್ಟಿಲು ಸಿಗ್ತದೆ. ಅಭ್ಯಾಸ ಇಲ್ಲದವರಿಗೆ ಅದನ್ನು ನೋಡಿದರೆ ಎದೆ ಝಲ್ ಅನ್ನುತ್ತೆ. ಸೀರೆ ನೆರಿಗೆ ಒಂದು ಕೈಯಲ್ಲಿ ಸ್ವಲ್ಪ ಮೇಲೆ ಎತ್ತಿ ಹಿಡೀಬೇಕು. ಇನ್ನೊಂದು ಕೈ ಕಟಕಟೆ ಮೇಲೆ. ಬೇಡ ಅನ್ನಿಸಿದರೆ ಪಕ್ಕದಲ್ಲೇ ಲಿಫ್ಟ್ ಇರ್ತದೆ. ಲಿಫ್ಟ್ ಹತ್ತಿದರೆ ಯಾರೂ ಏನೂ ಅನ್ನೋದಿಲ್ಲ.

ಆಮೇಲೆ ಸಾಮಾನು ಬರುವ ಜಾಗ. ವಿಮಾನದ ಹೊಟ್ಟೆಯಲ್ಲಿ ಹಾಕಿದ ಪೆಟ್ಟಿಗೆಗಳು ಒಂದು ಪಟ್ಟಿಯ ಮೇಲೆ ಸುತ್ತುತ್ತಾ ಬರ್ತವೆ. ಗಿರಣಿಯ ಬೆಲ್ಟಿನ ಥರ, ಆದರೆ ಅಗಲ ಹೆಚ್ಚು, ಓಟ ನಿಧಾನ. ನಮ್ಮ ಪೆಟ್ಟಿಗೆ ಬಂದಾಗ ಎತ್ತಿಕೊಳ್ಳಬೇಕು. ತಪ್ಪಿಹೋದರೆ ಗಾಬರಿ ಬೇಡ, ಮತ್ತೆ ಸುತ್ತಿ ಬರ್ತದೆ. ಎಲ್ಲರ ಪೆಟ್ಟಿಗೆಯೂ ಕಪ್ಪು, ನೀಲಿ, ಒಂದೇ ಥರ. ಅದಕ್ಕೇ ಹೊರಡುವ ಮೊದಲೇ ಹಿಡಿಕೆಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿಡಿ. ಹೆಸರೂ ಊರೂ ಬರೆದು ಅಂಟಿಸಿ. ಈಗ ಬರೆಯಲು ಬರ್ತದಲ್ಲ!

ಸಾಮಾನು ಇಡಲು ತಳ್ಳುವ ಗಾಡಿ ಅಲ್ಲೇ ಇರ್ತದೆ. ಅದಕ್ಕೆ ದುಡ್ಡು ಇಲ್ಲ. ತಲೆ ಮೇಲೆ ಹೊರಬೇಕಾಗಿಲ್ಲ.

ಹೊರಗೆ ಹೋಗುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ. ಶೌಚಾಲಯಕ್ಕೆ ಹೋಗಿಬನ್ನಿ. ಒಳಗೆ ಚೊಕ್ಕಟವಾಗಿರ್ತದೆ. ಬಾಟಲಿಗೆ ನೀರು ತುಂಬಿಕೊಳ್ಳಿ. ಹೊರಗೆ ಹೋದ ಮೇಲೆ ಮತ್ತೆ ಒಳಗೆ ಬಿಡೋದಿಲ್ಲ. ಮುಂದೆ ಒಂದೂವರೆ ತಾಸು ಬಸ್ಸಿನ ದಾರಿ. ಹೆಂಗಸರು ಪ್ರಯಾಣದಲ್ಲಿ ನೀರು ಕುಡಿಯದೆ ತಡೆದುಕೊಂಡು ಕೂಡ್ತಾರೆ. ಅದು ಒಳ್ಳೆಯದಲ್ಲ.

ಬಾಗಿಲ ಹೊರಗೆ

ಹೊರಗೆ ಕಾಲಿಟ್ಟ ಕೂಡಲೇ ಮೂರು ನಾಲ್ಕು ಜನ ಮುಂದೆ ಬರಬಹುದು.

‘ಅಮ್ಮಾ, ಟ್ಯಾಕ್ಸಿ ಬೇಕಾ? ಎಲ್ಲಿಗೆ ಹೋಗ್ಬೇಕು?’

‘ಬ್ಯಾಡಪ್ಪಾ, ಬಸ್ಸಿಗೆ ಹೋಗ್ತೀನಿ.’

‘ಬಸ್ ಈಗಷ್ಟೇ ಹೋಯ್ತಮ್ಮ. ಇನ್ನು ಎರಡು ಗಂಟೆ ಇಲ್ಲ.’

ಇದನ್ನು ನಂಬಬೇಡಿ. ಹಗಲು ಹೊತ್ತಿನಲ್ಲಿ ಬಸ್ಸುಗಳು ಮೇಲಿಂದ ಮೇಲೆ ಇರ್ತವೆ. ಮೆಜೆಸ್ಟಿಕ್ ಬಸ್ ಒಂದು ಹೋದರೆ ಇನ್ನೊಂದು ಬರ್ತದೆ. ಕಾರಿನವರು ಎಲ್ಲರೂ ಕೆಟ್ಟವರು ಅಂತಲ್ಲ. ಅವರದೂ ಹೊಟ್ಟೆಪಾಡು. ಆದರೆ ಬಸ್ ಇದೆಯೋ ಇಲ್ಲವೋ ಅಂತ ಕಾರಿನವರನ್ನು ಕೇಳಬಾರದು. ಬಸ್ಸಿನವರನ್ನು ಕೇಳಬೇಕು. ಅಥವಾ ಸಮವಸ್ತ್ರ ಹಾಕಿದ ಸಿಬ್ಬಂದಿಯನ್ನು ಕೇಳಬೇಕು.

ಪೆಟ್ಟಿಗೆಯನ್ನು ಯಾರಾದರೂ ‘ಕೊಡಿ, ನಾನು ಹಿಡೀತೀನಿ’ ಅಂತ ಕಿತ್ತುಕೊಳ್ಳಲು ಬಂದರೆ ಬಿಡಬೇಡಿ. ಪೆಟ್ಟಿಗೆ ಹೋದ ಕಡೆಗೆ ನಾವು ಹೋಗಬೇಕಾಗ್ತದೆ. ಆಮೇಲೆ ಅವರು ಕೇಳಿದಷ್ಟು ಕೊಡಬೇಕಾಗ್ತದೆ.

ಅಲ್ಲಿ ಎರಡು ದೊಡ್ಡ ಕಟ್ಟಡಗಳಿವೆ. ಒಂದನೇ ಟರ್ಮಿನಲ್, ಎರಡನೇ ಟರ್ಮಿನಲ್ ಅಂತ ಕರೀತಾರೆ. ಬೇರೆ ದೇಶದಿಂದ ಬರುವ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಬರ್ತಿವೆ. ನಮ್ಮ ದೇಶದ ಒಳಗೇ ಓಡಾಡುವ ವಿಮಾನಗಳಲ್ಲಿ ಕೆಲವು ಇಲ್ಲಿಗೆ, ಕೆಲವು ಅಲ್ಲಿಗೆ. ನಾವು ಯಾವುದರಲ್ಲಿ ಇಳಿದರೂ ಬಸ್ ಸಿಗ್ತದೆ. ಯಾರಾದರೂ ನಮ್ಮನ್ನು ಕರೆಯಲು ಬಂದಿದ್ದರೆ ಮಾತ್ರ ಎಷ್ಟನೇ ಟರ್ಮಿನಲ್ ಅಂತ ಮೊದಲೇ ಹೇಳಬೇಕು. ಇಲ್ಲದಿದ್ದರೆ ಅವರು ಒಂದು ಕಡೆ, ನಾವು ಒಂದು ಕಡೆ ಕಾಯ್ತಾ ನಿಲ್ಲಬೇಕಾಗ್ತದೆ.

ಬಸ್ಸಿನ ಹೆಸರು, ಬಸ್ಸಿನ ನಂಬರು

ಬೆಂಗಳೂರಿನ ನಗರ ಬಸ್ಸುಗಳನ್ನು ನಡೆಸುವುದು ಬಿಎಂಟಿಸಿ. ಅದು ಸರ್ಕಾರದ ಸಂಸ್ಥೆ. ವಿಮಾನ ನಿಲ್ದಾಣಕ್ಕೆ ಅವರು ಬಿಡುವ ತಂಪು ಬಸ್ಸಿಗೆ ‘ವಾಯು ವಜ್ರ’ ಅಂತ ಹೆಸರು. ವಾಯು ಅಂದರೆ ಗಾಳಿ. ಗಾಳಿಯಲ್ಲಿ ಬಂದವರನ್ನು ನೆಲದ ಮೇಲೆ ಕರೆದುಕೊಂಡು ಹೋಗುವ ಬಸ್ಸು. ಹೆಸರು ಚೆನ್ನಾಗಿ ಇಟ್ಟಿದ್ದಾರೆ.

ಈ ಬಸ್ಸುಗಳ ನಂಬರು ‘ಕೆಐಎ’ ಅಂತ ಶುರುವಾಗ್ತದೆ. ಕೆಂಪೇಗೌಡ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಅನ್ನುವುದನ್ನು ಗಿಡ್ಡ ಮಾಡಿ ಹಾಗೆ ಬರೀತಾರೆ. ಅದರ ಮುಂದೆ ಒಂದು ಅಂಕಿ ಇರ್ತದೆ. ಮೆಜೆಸ್ಟಿಕ್‌ಗೆ ಹೋಗುವುದು ‘ಕೆಐಎ-9’. ಎಂಟನೇ ನಂಬರು ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗ್ತೇವೆ. ಅದು ಬೆಂಗಳೂರಿನ ಇನ್ನೊಂದು ತುದಿ. ಅಂಕಿ ಒಂದು ತಪ್ಪಿದರೆ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ.

ಹಾಗಂತ ಬರೀ ನಂಬರು ನೋಡಿ ಹತ್ತಬಾರದು. ನಂಬರುಗಳು ಬದಲಾಗಬಹುದು. ಬಸ್ಸಿನ ಹಣೆ ಮೇಲೆ ದೀಪದ ಅಕ್ಷರ ಓಡ್ತಿರ್ತದೆ. ಒಂದು ಸಲ ಕನ್ನಡ, ಒಂದು ಸಲ ಇಂಗ್ಲಿಷ್. ಕನ್ನಡ ಬರುವವರೆಗೆ ನಿಂತು ಓದಿ. ‘ಮೆಜೆಸ್ಟಿಕ್’ ಅಂತ ಇರಬಹುದು. ‘ಕೆಂಪೇಗೌಡ ಬಸ್ ನಿಲ್ದಾಣ’ ಅಂತ ಇರಬಹುದು. ಎರಡೂ ಒಂದೇ ಜಾಗ. ಇದು ಗೊತ್ತಿಲ್ಲದೆ ಮೆಜೆಸ್ಟಿಕ್ ಬಸ್ಸು ಕಣ್ಣ ಮುಂದೆಯೇ ಹೋದರೂ ಹತ್ತದೆ ನಿಲ್ಲುವವರು ಇದ್ದಾರೆ. ‘ಕೆಂಪೇಗೌಡ’ ಅಂತ ಕಂಡರೆ ವಿಮಾನ ನಿಲ್ದಾಣಕ್ಕೇ ವಾಪಸ್ ಹೋಗ್ತದೇನೋ ಅಂತಲೂ ಅನ್ನಿಸ್ತದೆ. ಯಾಕಂದ್ರೆ ಎರಡು ನಿಲ್ದಾಣಕ್ಕೂ ಅದೇ ಹೆಸರು. ಮೆಜೆಸ್ಟಿಕ್‌ನ ನಗರ ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು. ವಿಮಾನಕ್ಕೂ ಬಸ್ಸಿಗೂ ಕೆಂಪೇಗೌಡ, ರೈಲಿಗೆ ರಾಯಣ್ಣ. ಹೀಗೆ ನೆನಪಿಟ್ಟುಕೊಳ್ಳಿ.

ಓದಿದ ಮೇಲೂ ಒಂದು ಮಾತು ಕೇಳಿಯೇ ಹತ್ತಿ.

‘ಮೆಜೆಸ್ಟಿಕ್‌ಗೆ ಹೋಗ್ತದೇನಪ್ಪಾ?’

‘ಹೋಗುತ್ತಮ್ಮ, ಹತ್ತಿ.’

ಟಿಕೆಟ್ ಇದೆಯೋ, ಇಲ್ಲವೋ?

ಇಲ್ಲೇ ನಮ್ಮ ಅಕ್ಕ-ತಂಗಿಯರಿಗೆ ಮಾತು ಬರೋದು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯ್ತು. ಅವತ್ತಿನಿಂದ ನಾವು ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ದುಡ್ಡಿಲ್ಲದೆ ಓಡಾಡ್ತೇವೆ. ಹರಪನಹಳ್ಳಿ ಸಂತೆಗೆ, ಉಚ್ಚಂಗಿದುರ್ಗಕ್ಕೆ, ದಾವಣಗೆರೆ ಆಸ್ಪತ್ರೆಗೆ. ಅದೇ ರೂಢಿಯಲ್ಲಿ ವಾಯು ವಜ್ರ ಹತ್ತಿ ಆಧಾರ್ ಕೈಯಲ್ಲಿ ಹಿಡಿದು ಕೂಡ್ತೇವೆ. ಕಂಡಕ್ಟರ್ ಬಂದು ದುಡ್ಡು ಕೇಳ್ತಾರೆ. ‘ನಮಗೆ ಫ್ರೀ ಅಲ್ಲೇನು?’ ಅಂತೇವೆ. ಸುತ್ತ ಕೂತವರು ತಿರುಗಿ ನೋಡ್ತಾರೆ. ನಾಚಿಕೆ ಆಗ್ತದೆ.

ಮೊದಲೇ ತಿಳಿದಿದ್ದರೆ ಆ ನಾಚಿಕೆ ಇಲ್ಲ. ಶಕ್ತಿ ಯೋಜನೆ ಸಾದಾ ಬಸ್ಸಿಗೆ ಮಾತ್ರ. ತಂಪು ಬಸ್ಸಿಗೆ ಇಲ್ಲ. ಮಲಗುವ ಬಸ್ಸಿಗೆ ಇಲ್ಲ. ವಾಯು ವಜ್ರ ತಂಪು ಬಸ್ಸು. ಅದಕ್ಕೆ ಹೆಂಗಸರೂ ಟಿಕೆಟ್ ತಗೊಳ್ಳಬೇಕು. ಮೆಜೆಸ್ಟಿಕ್‌ಗೆ ನೂರಾರು ರೂಪಾಯಿ ಆಗ್ತದೆ. ದರ ಆಗಾಗ ಏರ್ತದೆ. 2025ರ ಜನವರಿಯಲ್ಲೂ ಸರ್ಕಾರಿ ಬಸ್ಸಿನ ದರ ಏರಿತು. ಅದಕ್ಕೇ ಇಲ್ಲಿ ಒಂದೇ ಲೆಕ್ಕ ಬರೆದಿಲ್ಲ. ಐನೂರರ ಒಂದು ನೋಟು, ಜೊತೆಗೆ ನೂರರ ಕೆಲವು ನೋಟು ಬೇರೆ ತೆಗೆದಿಟ್ಟುಕೊಳ್ಳಿ. ಎಲೆ ಅಡಿಕೆ ಚೀಲದಲ್ಲೋ, ಕೈಚೀಲದ ಸಣ್ಣ ಖಾನೆಯಲ್ಲೋ ಇಟ್ಟರೆ ಆಯ್ತು. ಎಲ್ಲ ದುಡ್ಡೂ ಒಂದೇ ಕಡೆ ಇಡಬೇಡಿ. ಕಂಡಕ್ಟರ್ ಎದುರು ಗಂಟು ಬಿಚ್ಚುವ ಕೆಲಸ ಬೇಡ. ಫೋನಿನಲ್ಲಿ ದುಡ್ಡು ಕಳಿಸುವ ರೂಢಿ ಇದ್ದವರು ಹಾಗೂ ಕೊಡಬಹುದು.

ಟಿಕೆಟ್ ಕೈಗೆ ಬಂದ ಮೇಲೆ ಓದಿ ನೋಡಿ. ಎಲ್ಲಿಂದ, ಎಲ್ಲಿಗೆ, ಎಷ್ಟು ರೂಪಾಯಿ ಅಂತ ಇರ್ತದೆ. ಕೊಟ್ಟ ದುಡ್ಡು, ಬಂದ ಚಿಲ್ಲರೆ ಲೆಕ್ಕ ಮಾಡಿ. ಚಿಲ್ಲರೆ ಬಾಕಿ ಇದ್ದರೆ ಟಿಕೆಟ್ ಹಿಂದೆ ಬರೆದು ಕೊಡ್ತಾರೆ. ಇಳಿಯುವಾಗ ಮರೆಯದೆ ಕೇಳಿ ಈಸಿಕೊಳ್ಳಿ.

ಬಸ್ಸು ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳಕ್ಕೆ ಬರ್ತದೆ. ಅಲ್ಲಿ ದೊಡ್ಡ ಮೇಲ್ಸೇತುವೆ. ವಾಹನ ದಟ್ಟಣೆ ಇದ್ದರೆ ಅಲ್ಲೇ ಅರ್ಧ ತಾಸು ನಿಂತುಬಿಡಬಹುದು. ಆಮೇಲೆ ಮೇಖ್ರಿ ವೃತ್ತ. ಆಮೇಲೆ ಮೆಜೆಸ್ಟಿಕ್. ರಸ್ತೆ ಖಾಲಿ ಇದ್ದರೆ ಒಂದು ತಾಸು, ಇಲ್ಲದಿದ್ದರೆ ಒಂದೂವರೆ, ಎರಡು ತಾಸು. ಒಳಗೆ ಚಳಿ ಆಗ್ತದೆ. ಸೆರಗು ಸಾಲದು, ಒಂದು ಶಾಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ರೈಲೂ ಇದೆ, ಮೆಟ್ರೋ ಬರ್ತಾ ಇದೆ

ವಿಮಾನ ನಿಲ್ದಾಣದ ಹತ್ತಿರ ಒಂದು ಸಣ್ಣ ರೈಲು ನಿಲ್ದಾಣ ಇದೆ. 2021ರ ಜನವರಿಯಲ್ಲಿ ಶುರುವಾಯ್ತು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿಯ ಮೇಲೆ ಬರ್ತದೆ. ಟಿಕೆಟ್ ಬಹಳ ಕಡಿಮೆ. ಬಸ್ಸಿನ ದುಡ್ಡಿನಲ್ಲಿ ಎಷ್ಟೋ ಸಲ ರೈಲಿನಲ್ಲಿ ಓಡಾಡಬಹುದು. ಆದರೆ ದಿನಕ್ಕೆ ಕೆಲವೇ ರೈಲು. ವಿಮಾನದ ಕಟ್ಟಡದಿಂದ ರೈಲಿನ ಹತ್ತಿರಕ್ಕೆ ಇನ್ನೊಂದು ವಾಹನ ಹಿಡೀಬೇಕು. ಅಲ್ಲೇ ಕೆಲಸ ಮಾಡುವವರಿಗೆ ಅದು ಅನುಕೂಲ. ಪೆಟ್ಟಿಗೆ ಹಿಡಿದು ಮೊದಲ ಸಲ ಬರುವ ನಮಗೆ ಬಸ್ಸೇ ವಾಸಿ ಅಂತ ನಮ್ಮ ಅಭಿಪ್ರಾಯ.

ವಿಮಾನ ನಿಲ್ದಾಣಕ್ಕೆ ಮೆಟ್ರೋ ರೈಲು ತರುವ ಕೆಲಸವೂ ನಡೆದಿದೆ. ಬಳ್ಳಾರಿ ರಸ್ತೆಯ ಉದ್ದಕ್ಕೂ ಕಂಬಗಳು ಕಾಣ್ತವೆ. ದಿಲ್ಲಿಯಲ್ಲಿ 2011ರಿಂದ, ಚೆನ್ನೈನಲ್ಲಿ 2016ರಿಂದ ವಿಮಾನ ಇಳಿದವರು ಮೆಟ್ರೋ ಹತ್ತಿ ಊರೊಳಗೆ ಹೋಗ್ತಿದ್ದಾರೆ. ಲಂಡನ್ ಪಟ್ಟಣದಲ್ಲಂತೂ 1977ರಿಂದಲೇ ನೆಲದೊಳಗಿನ ರೈಲು ವಿಮಾನದ ಹತ್ತಿರಕ್ಕೇ ಹೋಗ್ತದೆ. ಬೆಂಗಳೂರು ಇದರಲ್ಲಿ ತಡ ಮಾಡಿತು ಅಂತಲೇ ಹೇಳಬೇಕು.

ರಾತ್ರಿ ಇಳಿದರೆ

ವಿಮಾನಗಳಿಗೆ ಹಗಲು ರಾತ್ರಿ ಇಲ್ಲ. ಅರಬ್ ದೇಶದಿಂದ ಬರುವ ಎಷ್ಟೋ ವಿಮಾನಗಳು ಸರಿರಾತ್ರಿ ಇಳೀತವೆ. ವಾಯು ವಜ್ರ ಬಸ್ಸು ರಾತ್ರಿಯೂ ಇರ್ತದೆ. ಆದರೆ ಹಗಲಿನಷ್ಟು ಬೇಗ ಬೇಗ ಬರೋದಿಲ್ಲ. ರಾತ್ರಿ ಎರಡು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಏನು ಮಾಡೋದು? ಒಬ್ಬಳೇ ಹೆಂಗಸು, ಜೊತೆಗೆ ಪೆಟ್ಟಿಗೆ. ಅದಕ್ಕಿಂತ ವಿಮಾನ ನಿಲ್ದಾಣದಲ್ಲೇ ಬೆಳಕು ಹರಿಯುವವರೆಗೆ ಕೂಡುವುದು ಒಳ್ಳೆಯದು. ಸಾಮಾನು ತಗೊಳ್ಳುವ ಜಾಗದಲ್ಲಿ ಕುರ್ಚಿ ಇರ್ತವೆ, ದೀಪ ಇರ್ತದೆ, ಪೊಲೀಸರು ಇರ್ತಾರೆ. ಅಲ್ಲಿಯ ಸಿಬ್ಬಂದಿಗೆ ‘ಬೆಳಗಿನ ಬಸ್ಸಿಗೆ ಹೋಗ್ತೀನಿ, ಅಲ್ಲಿತನಕ ಕೂತಿರ್ತೀನಿ’ ಅಂತ ಒಂದು ಮಾತು ಹೇಳಿ. ಮನೆಗೆ ಫೋನು ಮಾಡಿ ತಿಳಿಸಿ. ಇಲ್ಲದಿದ್ದರೆ ಅವರು ಅಲ್ಲಿ ನಿದ್ದೆಗೆಡ್ತಾರೆ.

ಏನಾದರೂ ತೊಂದರೆ ಆದರೆ 112 ನಂಬರಿಗೆ ಫೋನು ಮಾಡಬೇಕು. ಅದು ಪೊಲೀಸರ ನಂಬರು. ಹೆಂಗಸರ ಸಹಾಯಕ್ಕೇ 181 ಅಂತ ಇನ್ನೊಂದು ಇದೆ. ಎರಡೂ ಮೂರೇ ಅಂಕಿ.

ಫೋನಿನ ಚಾರ್ಜು ಮುಗಿದುಹೋದರೆ? ಇದು ಎಲ್ಲರಿಗೂ ಆಗ್ತದೆ. ಅದಕ್ಕೇ ಒಂದು ಚೀಟಿಯಲ್ಲಿ ಮಗನ ನಂಬರು, ಮನೆಯ ಒಬ್ಬರ ನಂಬರು ಬರೆದು ಕುಪ್ಪಸದ ಒಳಗೋ ಚೀಲದಲ್ಲೋ ಇಟ್ಟುಕೊಳ್ಳಿ. ಅದೇ ಚೀಟಿಯಲ್ಲಿ ‘ಮೆಜೆಸ್ಟಿಕ್, ಕೆಐಎ-9’ ಅಂತಲೂ ಬರೀರಿ. ಬೇರೆಯವರ ಕೈಯಲ್ಲಿ ಬರೆಸಬೇಡಿ. ನೀವೇ ಬರೆದರೆ ನಿಮಗೆ ಓದಲು ಸುಲಭ.

ಮೆಜೆಸ್ಟಿಕ್‌ನಲ್ಲಿ

ಮೆಜೆಸ್ಟಿಕ್ ಅನ್ನುವುದು ಊರಿನ ಹೆಸರಲ್ಲ. ಅಲ್ಲಿ ಹಿಂದೆ ಮೆಜೆಸ್ಟಿಕ್ ಅಂತ ಒಂದು ಸಿನಿಮಾ ಟಾಕೀಸು ಇತ್ತು. ಟಾಕೀಸು ಹೋಯ್ತು, ಹೆಸರು ಉಳೀತು. ಅದಕ್ಕೂ ಹಿಂದೆ ಬಸ್ ನಿಲ್ದಾಣದ ಜಾಗ ಒಂದು ಕೆರೆ. ಧರ್ಮಾಂಬುಧಿ ಕೆರೆ ಅಂತ. ಒಂದು ಕಾಲಕ್ಕೆ ಬೆಂಗಳೂರಿನವರು ಅದರ ನೀರು ಕುಡೀತಿದ್ದರು. ಕೆರೆ ಬತ್ತಿತು. ಅದರ ಅಂಗಳದಲ್ಲಿ ಬಸ್ ನಿಲ್ದಾಣ ಕಟ್ಟಿದರು.

ಅಲ್ಲಿ ನೂಕುನುಗ್ಗಲು ಬಹಳ. ಕತ್ತಿನ ಸರ ಸೆರಗಿನೊಳಗೆ ಇರಲಿ. ಚೀಲ ಮುಂದೆ ಇರಲಿ.

ಒಂದು ವಿಷಯ ಮನಸ್ಸಿನಲ್ಲಿಡಿ. ಮೆಜೆಸ್ಟಿಕ್‌ನಲ್ಲಿ ಎರಡು ಬಸ್ ನಿಲ್ದಾಣಗಳಿವೆ. ಒಂದು ಬೆಂಗಳೂರಿನ ಒಳಗೆ ಓಡಾಡುವ ನಗರ ಬಸ್ಸಿನದು. ವಾಯು ವಜ್ರ ಬರುವುದು ಆ ಕಡೆಗೆ. ಇನ್ನೊಂದು ಪರ ಊರಿನ ಬಸ್ಸಿನದು, ಅಂದರೆ ಕೆಎಸ್‌ಆರ್‌ಟಿಸಿ. ನಮ್ಮ ಊರ ಕಡೆ ಬಸ್ಸು ಸಿಗುವುದು ಅಲ್ಲಿ. ಎರಡರ ನಡುವೆ ರಸ್ತೆ ಇದೆ. ರಸ್ತೆ ಮೇಲೆ ಓಡಿ ದಾಟಬೇಡಿ. ದಾಟಲು ಬೇರೆ ದಾರಿ ಮಾಡಿದ್ದಾರೆ. ಕೇಳಿದರೆ ಹೇಳ್ತಾರೆ. ರೈಲು ನಿಲ್ದಾಣವೂ ಹತ್ತಿರವೇ ಇದೆ.

ಪರ ಊರಿನ ನಿಲ್ದಾಣದಲ್ಲಿ ‘ವಿಚಾರಣೆ’ ಅಂತ ಬರೆದ ಕಿಟಕಿ ಇರ್ತದೆ. ಅಲ್ಲಿ ಹೋಗಿ ‘ಹರಪನಹಳ್ಳಿ ಬಸ್ಸು ಎಲ್ಲಿ ನಿಲ್ತದೆ, ಎಷ್ಟು ಗಂಟೆಗೆ?’ ಅಂತ ಕೇಳಿ. ನೇರ ಬಸ್ಸು ಆ ಹೊತ್ತಿಗೆ ಇಲ್ಲದಿದ್ದರೆ ದಾವಣಗೆರೆ ಬಸ್ಸು ಹಿಡಿಯಿರಿ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ದಾರಿಯಲ್ಲಿ ತುಮಕೂರು, ಚಿತ್ರದುರ್ಗ ಬರ್ತವೆ. ದಾವಣಗೆರೆಯಿಂದ ಹರಪನಹಳ್ಳಿಗೆ ಬೇಕಾದಷ್ಟು ಬಸ್ಸುಗಳಿವೆ. ಕೂಡ್ಲಿಗಿ ಕಡೆಯವರು ಚಿತ್ರದುರ್ಗದ ಮೇಲೆ ಹೊಸಪೇಟೆಗೆ ಹೋಗುವ ಬಸ್ಸು ಹತ್ತಿದರೆ ಕೂಡ್ಲಿಗಿಯಲ್ಲೇ ಇಳಿಯಬಹುದು. ಕೊಟ್ಟೂರಿಗೆ ಅಲ್ಲಿಂದ ಇನ್ನೊಂದು ಬಸ್ಸು. ಹಗರಿಬೊಮ್ಮನಹಳ್ಳಿ, ಹಡಗಲಿಯವರು ಹರಪನಹಳ್ಳಿಗೆ ಬಂದು ಮುಂದೆ ಹೋಗಬಹುದು.

ಇಲ್ಲಿ ಮತ್ತೆ ಆಧಾರ್ ಹೊರಗೆ ತೆಗೆಯುವ ಹೊತ್ತು. ಆದರೆ ಎಲ್ಲ ಬಸ್ಸಿಗೂ ಅಲ್ಲ. ಬಸ್ಸಿನ ಮೈ ಮೇಲೆ ಹೆಸರು ಬರೆದಿರ್ತಾರೆ. ಓದಿ. ‘ಕರ್ನಾಟಕ ಸಾರಿಗೆ’, ‘ವೇಗದೂತ’, ‘ಅಶ್ವಮೇಧ’ ಇವಕ್ಕೆ ಶಕ್ತಿ ಯೋಜನೆ ಇದೆ. ‘ರಾಜಹಂಸ’, ‘ಐರಾವತ’, ‘ಪಲ್ಲಕ್ಕಿ’ ಇವಕ್ಕೆ ಇಲ್ಲ. ಒಂದರ ಪಕ್ಕ ಒಂದು ನಿಂತಿರ್ತವೆ. ಎರಡೂ ದಾವಣಗೆರೆಗೇ ಹೋಗ್ತವೆ. ಒಂದಕ್ಕೆ ದುಡ್ಡಿಲ್ಲ, ಇನ್ನೊಂದಕ್ಕೆ ನೂರಾರು ರೂಪಾಯಿ. ಹೆಸರು ಓದಲು ಬಂದವರಿಗೆ ಅಷ್ಟು ದುಡ್ಡು ಉಳೀತದೆ. ಮೈ ಕೈ ನೋವಿದೆ, ಒರಗಿ ಕೂಡಬೇಕು ಅನ್ನಿಸಿದರೆ ದುಡ್ಡು ಕೊಟ್ಟು ರಾಜಹಂಸ ಹತ್ತಬಹುದು. ಅದೂ ತಪ್ಪಲ್ಲ. ಆದರೆ ತಿಳಿದು ಹತ್ತಬೇಕು.

ಸಾದಾ ಬಸ್ಸಿನಲ್ಲಿ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಡ್ತಾರೆ. ಸೊನ್ನೆ ಅಲ್ಲವಾ ಅಂತ ಬಿಸಾಡಬೇಡಿ. ಇಳಿಯುವವರೆಗೆ ಕೈಯಲ್ಲಿರಲಿ. ತಪಾಸಣೆಯವರು ಬಂದರೆ ತೋರಿಸಬೇಕು.

ರೈಲಿನಲ್ಲಿ ಬರುವವರು ದಾವಣಗೆರೆ ಅಥವಾ ಹರಿಹರದಲ್ಲಿ ಇಳಿಯಬೇಕು. ಹಗಲಿಗೆ ಸಿದ್ಧಗಂಗಾ ರೈಲು ಇದೆ, ರಾತ್ರಿಗೆ ರಾಣಿ ಚೆನ್ನಮ್ಮ ರೈಲು ಇದೆ. ರೈಲಿಗೆ ಶಕ್ತಿ ಯೋಜನೆ ಇಲ್ಲ. ಟಿಕೆಟ್ ತಗೊಳ್ಳಲೇಬೇಕು. ರಾತ್ರಿ ರೈಲು ಬೆಳಗಾಗುವ ಮೊದಲೇ ದಾವಣಗೆರೆ ಮುಟ್ಟುತ್ತದೆ. ನಿದ್ದೆ ಹತ್ತಿದರೆ ಹುಬ್ಬಳ್ಳಿಗೆ ಹೋಗಿಬಿಡ್ತೇವೆ. ಪಕ್ಕದವರಿಗೆ ಹೇಳಿಟ್ಟಿರಿ.

ಹತ್ತಿರದ ನಿಲ್ದಾಣಗಳು

ಬೆಂಗಳೂರಿಗೇ ಬರಬೇಕು ಅಂತ ಇಲ್ಲ. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣ ಇದೆ. ಅದು ಗೋಕುಲ ರಸ್ತೆಯಲ್ಲಿದೆ. ಹುಬ್ಬಳ್ಳಿಯ ಹೊಸ ಬಸ್ ನಿಲ್ದಾಣವೂ ಅದೇ ರಸ್ತೆಯಲ್ಲಿದೆ. ಬೆಂಗಳೂರಿನಂತೆ ತಾಸುಗಟ್ಟಲೆ ದಾರಿ ಇಲ್ಲ. ಹೊಸ ಬಸ್ ನಿಲ್ದಾಣದಿಂದ ನಮ್ಮ ಕಡೆಗೆ ಬರಬಹುದು. ತೋರಣಗಲ್ಲು ಹತ್ತಿರ ವಿದ್ಯಾನಗರದಲ್ಲಿ ಜಿಂದಾಲ್ ಕಾರ್ಖಾನೆಯ ಸಣ್ಣ ವಿಮಾನ ನಿಲ್ದಾಣ ಇದೆ. ಶಿವಮೊಗ್ಗದಲ್ಲಿ 2023ರ ಫೆಬ್ರವರಿ 27ರಂದು ಹೊಸದು ಉದ್ಘಾಟನೆ ಆಯ್ತು. ಇವುಗಳಿಗೆ ವಿಮಾನ ಕಡಿಮೆ. ಎಲ್ಲ ಊರಿಂದಲೂ ಬರೋದಿಲ್ಲ. ಮಗ ಟಿಕೆಟ್ ತೆಗೆಸುವಾಗ ‘ಹುಬ್ಬಳ್ಳಿಗೆ ಇದೆಯಾ ನೋಡು’ ಅಂತ ನಾವೇ ಒಂದು ಮಾತು ಹೇಳಬೇಕು. ದೂರದಲ್ಲಿರುವ ಮಕ್ಕಳಿಗೆ ಬೆಂಗಳೂರು ಒಂದೇ ಹೊಳೀತದೆ. ಅಲ್ಲಿಂದ ತಾಯಿ ಇನ್ನೂ ಒಂದು ಹಗಲು ಪ್ರಯಾಣ ಮಾಡಬೇಕು ಅನ್ನುವುದು ಹೊಳೆಯೋದಿಲ್ಲ.

ಬೆಂಗಳೂರು ವಿಮಾನ ನಿಲ್ದಾಣದಿಂದಲೇ ಕೆಲವು ಊರುಗಳಿಗೆ ಕೆಎಸ್‌ಆರ್‌ಟಿಸಿಯ ನೇರ ಬಸ್ಸುಗಳಿವೆ. ಅವಕ್ಕೆ ‘ಫ್ಲೈಬಸ್’ ಅಂತಾರೆ. ಮೈಸೂರಿಗೆ ಹೋಗುವುದು ಎಲ್ಲಕ್ಕಿಂತ ಹಳೆಯದು. ಅದರಲ್ಲಿ ಹತ್ತಿದವರಿಗೆ ಮೆಜೆಸ್ಟಿಕ್‌ನ ಗೊಡವೆಯೇ ಇಲ್ಲ. ದಾವಣಗೆರೆ ಕಡೆಗೆ ಅಂಥ ಬಸ್ಸು ಆ ಹೊತ್ತಿಗೆ ಇದೆಯಾ ಅಂತ ಹೊರಗೆ ಬಂದ ಕೂಡಲೇ ಕೇಳಿ ನೋಡಿ. ಟಿಕೆಟ್ ದುಬಾರಿ, ಶಕ್ತಿ ಯೋಜನೆ ಇಲ್ಲ. ಆದರೆ ಪೆಟ್ಟಿಗೆ ಒಂದೇ ಸಲ ಎತ್ತಿ ಇಳಿಸಿದರೆ ಆಯ್ತು. ಮೊಣಕಾಲು ನೋವಿನವರಿಗೆ ಅದೂ ಒಂದು ಲೆಕ್ಕ.

ನೀಲಗುಂದದ ಭೀಮೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಅದರ ಕಲ್ಲಿನ ಕೆಲಸ ನೋಡಲು ದೂರದಿಂದ ಜನ ಬರ್ತಾರೆ. ಅವರೂ ಈ ದಾರಿ ಹಿಡಿದೇ ಬರಬೇಕು. ಗುಡಿಯ ಕಟ್ಟೆ ಮೇಲೆ ಕೂತಾಗ ‘ವಾಪಸ್ ವಿಮಾನಕ್ಕೆ ಹೇಗೆ ಹೋಗೋದಮ್ಮ?’ ಅಂತ ಕೇಳಿದರೆ ಹೀಗೆ ಹೇಳಿ: ಹರಪನಹಳ್ಳಿಗೆ ಹೋಗಿ. ಅಲ್ಲಿಂದ ಬೆಂಗಳೂರು ಬಸ್ಸು ಹತ್ತಿ. ಮೆಜೆಸ್ಟಿಕ್‌ನಲ್ಲಿ ಇಳಿದು ನಗರ ಬಸ್ಸಿನ ಕಡೆ ದಾಟಿ ಕೆಐಎ-9 ಹಿಡಿಯಿರಿ. ದೇಶದೊಳಗಿನ ವಿಮಾನ ಆದರೆ ಎರಡು ತಾಸು ಮೊದಲು, ಹೊರದೇಶದ್ದು ಆದರೆ ಮೂರು ತಾಸು ಮೊದಲು ಅಲ್ಲಿರಬೇಕು. ಹೆಬ್ಬಾಳದಲ್ಲಿ ಬಸ್ಸು ನಿಂತರೂ ನಿಲ್ಲಬಹುದು, ಅದಕ್ಕೆ ಇನ್ನೊಂದು ತಾಸು ಕೈಯಲ್ಲಿಟ್ಟುಕೊಂಡೇ ಹೊರಡಿ.